ಡೀಸೆಲ್ ಜಾಸ್ತಿ, ಹೊಗೆ ಜಾಸ್ತಿ: ಪಂಪಿಗೆ ಕೈ ಹಾಕುವ ಮುಂಚೆ ಟ್ರ್ಯಾಕ್ಟರ್‌ನಲ್ಲಿ ನೋಡಬೇಕಾದ್ದು

ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂತು ಅಂದರೆ ಹುಬ್ಬಳ್ಳಿಯ ಪಂಪ್-ನೋಸಲ್ (ಇಂಜಿನ್ನಿಗೆ ಡೀಸೆಲ್ ಒತ್ತುವ ಪಂಪ್, ಅದನ್ನು ಸಿಲಿಂಡರಿಗೆ ಚಿಮ್ಮಿಸುವ ನೋಸಲ್) ಅಂಗಡಿಗಳಲ್ಲಿ ಒಂದೇ ಮಾತು ಕೇಳಿಸುತ್ತದೆ: "ಗಾಡಿ ಭಾಳ ಡೀಸೆಲ್ ಕುಡಿಯಾಕತ್ತೈತ್ರಿ, ಪಂಪ್ ಒಂದ್ಸಲ ನೋಡ್ರಿ." ಪಂಪ್ ಬಿಚ್ಚುತ್ತಾರೆ, ಬಿಲ್ ಆಗುತ್ತದೆ, ಹೊಲಕ್ಕೆ ಇಳಿದರೆ ಮತ್ತೆ ಅದೇ ಕಥೆ. ಯಾಕೆಂದರೆ ಬಹಳ ಸಲ ತೊಂದರೆ ಪಂಪಿನಲ್ಲಿ ಇರುವುದೇ ಇಲ್ಲ. ಟೈರಿನಲ್ಲಿ ಇರುತ್ತದೆ. ಮಣ್ಣು ಪುಡಿ ಮಾಡುವ ರೋಟಾವೇಟರಿನ ಸವೆದ ಬ್ಲೇಡಿನಲ್ಲಿ, ಕಟ್ಟಿಕೊಂಡ ಏರ್ ಫಿಲ್ಟರ್‌ನಲ್ಲಿ, ಇಲ್ಲವೇ ಡ್ರೈವರ್ ಹಾಕಿದ ಗೇರಿನಲ್ಲಿ ಇರುತ್ತದೆ. ಹಾಗಾಗಿ ಇಲ್ಲಿ ಕಾಸು ಖರ್ಚಿಲ್ಲದ ತಪಾಸಣೆ ಮೊದಲು, ಪಂಪ್ ಕೊನೆಗೆ.

ಮೊದಲು ಕೈಕಾಲು ಜೋಪಾನ

ಏನನ್ನೇ ಮುಟ್ಟುವ ಮುಂಚೆ ಇಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಹ್ಯಾಂಡ್ ಬ್ರೇಕ್ ಹಾಕಿ, ಲಿಫ್ಟ್ ನೆಲಕ್ಕೆ ಇಳಿಸಿ. ಎತ್ತಿದ ರೋಟಾವೇಟರ್ ಕೆಳಗೆ ಕೈ ಹಾಕಿ ಬ್ಲೇಡ್ ನೋಡುವುದು ಬೇಡವೇ ಬೇಡ. ಪಿಟಿಒ ಶಾಫ್ಟ್ (ಇಂಜಿನ್ ಶಕ್ತಿಯನ್ನು ಹಿಂದಿನ ಸಲಕರಣೆಗೆ ಕೊಡುವ ದಂಡ) ತಿರುಗುವಾಗ ಹತ್ತಿರ ಹೋಗಬೇಡಿ. ಧೋತರದ ಅಂಚು, ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು ಯಾವುದು ಸಿಕ್ಕಿಕೊಂಡರೂ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಟ್ಟು ಹೊಗೆ ನೋಡಬೇಡಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ. ನೋಸಲ್ ಪೈಪಿನಿಂದ ಸಣ್ಣಗೆ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು ಕಾಣುತ್ತದೆ, ಮೊದಮೊದಲು ನೋವೂ ಜಾಸ್ತಿ ಇರುವುದಿಲ್ಲ, ಒಳಗೆ ಮಾಂಸ ಕೆಡುತ್ತಾ ಹೋಗುತ್ತದೆ. ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ, ಒಂದು ರಟ್ಟಿನ ತುಂಡು ಹಿಡಿಯಿರಿ. ಡೀಸೆಲ್ ಒಳಗೆ ಹೊಕ್ಕಿತು ಅನ್ನಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಏನಾಯಿತು ಅಂತ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ.

ಜಾಸ್ತಿ ಕುಡಿಯುತ್ತಿದೆ ಅನ್ನುವುದು ನಿಜವೇ?

ಅಳೆಯದೆ ಹೇಳಬೇಡಿ. ಗಂಟೆ ಲೆಕ್ಕಕ್ಕಿಂತ ಎಕರೆ ಲೆಕ್ಕ ಒಳ್ಳೆಯದು. ಹಳೆಯ ಗಾಡಿಗಳ ಅವರ್ ಮೀಟರ್ ಇಂಜಿನ್ ಸುತ್ತಿನ ಮೇಲೆ ಓಡುತ್ತದೆ. ಕಡಿಮೆ ರೇಸಿನಲ್ಲಿ ನಡೆಸಿದರೆ ಗಡಿಯಾರದ ಒಂದು ಗಂಟೆ ಮೀಟರಿನಲ್ಲಿ ಒಂದು ಗಂಟೆ ಆಗುವುದಿಲ್ಲ. ಬಾಡಿಗೆ ಲೆಕ್ಕದಲ್ಲಿ ಜಗಳ ಹುಟ್ಟುವುದೂ ಇಲ್ಲೇ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಟ್ಯಾಂಕನ್ನು ಕುತ್ತಿಗೆ ತನಕ ತುಂಬಿಸಿ. ಅಳತೆ ಗೊತ್ತಿರುವ ಹೊಲದಲ್ಲಿ, ಕನಿಷ್ಠ ಎರಡು-ಮೂರು ಎಕರೆ, ಒಂದೇ ಕೆಲಸ ಮಾಡಿ. ಅದೇ ಜಾಗಕ್ಕೆ ತಂದು ನಿಲ್ಲಿಸಿ, ಅಳತೆ ಕ್ಯಾನಿನಿಂದ ಮತ್ತೆ ಕುತ್ತಿಗೆ ತನಕ ತುಂಬಿಸಿ. ಹಾಕಿದ್ದು 18 ಲೀಟರ್, ಹೊಲ 3 ಎಕರೆ ಅಂದರೆ ಎಕರೆಗೆ 6 ಲೀಟರ್. ಹೊಲ ಊರಿಂದ ದೂರ ಇದ್ದರೆ ಟ್ಯಾಂಕನ್ನು ಹೊಲದಲ್ಲೇ ತುಂಬಿಸಿ, ಇಲ್ಲದಿದ್ದರೆ ರಸ್ತೆಯ ಡೀಸೆಲ್ಲೂ ಲೆಕ್ಕಕ್ಕೆ ಸೇರುತ್ತದೆ.

ಈ ಲೆಕ್ಕವನ್ನು ಪಕ್ಕದ ಊರಿನವರ ಲೆಕ್ಕದ ಜೊತೆ ಹೋಲಿಸಬೇಡಿ. ನವಲಗುಂದದ ಎರೆ (ಕಪ್ಪು ಮಣ್ಣಿನ) ಹೊಲ ಬೇರೆ, ಮುಂಡರಗಿ ಕಡೆಯ ಮಸಾರಿ (ಕೆಂಪು ಮಣ್ಣು) ಬೇರೆ, ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ಕೇಜ್ ವೀಲ್ (ಕಬ್ಬಿಣದ ಪಟ್ಟಿಯ ಚಕ್ರ) ಹಾಕಿ ಕೆಸರು ಮಾಡುವುದು ಪೂರಾ ಬೇರೆ. ನಿಮ್ಮದೇ ಹೊಲ, ನಿಮ್ಮದೇ ಸಲಕರಣೆ, ಹೋದ ಹಂಗಾಮು. ಹೋಲಿಕೆ ಅಷ್ಟೇ.

ಒಂದು ಮೇಲ್ಮಿತಿ ಗೊತ್ತಿದ್ದರೆ ಒಳ್ಳೆಯದು. 45 ಎಚ್‌ಪಿ ಇಂಜಿನ್ ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು 10 ಲೀಟರ್ ಸುಡುತ್ತದೆ. ಹೊಲದ ಕೆಲಸದಲ್ಲಿ ಪೂರ್ತಿ ಲೋಡ್ ಸತತವಾಗಿ ಬೀಳುವುದೇ ಅಪರೂಪ. ಕುಂಟೆ, ಕೂರಿಗೆಯಂಥ ಹಗುರ ಕೆಲಸಕ್ಕೆ 3–4 ಲೀಟರ್, ರೋಟಾವೇಟರ್ ಅಥವಾ ಪಲ್ಟಿ ನೇಗಿಲಿಗೆ 6–8 ಲೀಟರ್ ಅಂತ ಅಂದಾಜು ಇಟ್ಟುಕೊಳ್ಳಿ. ನಿಮ್ಮ ಲೆಕ್ಕ ಗಂಟೆಗೆ 12–13 ಲೀಟರ್ ಬಂತು ಅಂದರೆ ಅಷ್ಟನ್ನು ಸುಡುವ ಶಕ್ತಿ ಆ ಇಂಜಿನ್ನಿಗೇ ಇಲ್ಲ. ಸೋರಿಕೆ ಹುಡುಕಿ, ಅಳತೆ ಮತ್ತೆ ನೋಡಿ. ಇನ್ನೊಂದು ಕಾರಣವೂ ಇರಬಹುದು, ಅದನ್ನು ರಾತ್ರಿ ಟ್ಯಾಂಕಿಗೆ ಬೀಗ ಹಾಕಿ ಪರೀಕ್ಷೆ ಮಾಡಿ. ಹೊಸ ಗಾಡಿ ಕೊಳ್ಳುವವರಾದರೆ ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರಕಾರದ ಪರೀಕ್ಷಾ ಸಂಸ್ಥೆಯ ವರದಿ ಕೇಳಿ. ಆ ಮಾಡೆಲ್ ಯಾವ ಲೋಡಿನಲ್ಲಿ ಎಷ್ಟು ಡೀಸೆಲ್ ಸುಟ್ಟಿತು ಅನ್ನುವುದು ಅದರಲ್ಲಿ ಇರುತ್ತದೆ.

ಲಕ್ಷಣ: ಹೊಗೆ ಸರಿ ಇದೆ, ಎಳೆತವೂ ಇದೆ, ಆದರೂ ಟ್ಯಾಂಕ್ ಬೇಗ ಖಾಲಿ

ಇದು ಇಂಜಿನ್ ದೋಷ ಆಗಿರುವುದು ಕಡಿಮೆ. ಇಂಜಿನ್ ಚೆನ್ನಾಗಿಯೇ ದುಡಿಯುತ್ತಿದೆ, ದುಡಿದದ್ದು ಎಲ್ಲೋ ಪೋಲಾಗುತ್ತಿದೆ.

ಮೊದಲು ಸೋರಿಕೆ. ರಾತ್ರಿ ನಿಲ್ಲಿಸುವಾಗ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿ, ಬೆಳಿಗ್ಗೆ ನೋಡಿ. ಫಿಲ್ಟರ್ ಬಟ್ಟಲು, ಬ್ಯಾಂಜೋ ಬೋಲ್ಟ್ (ಡೀಸೆಲ್ ಪೈಪು ಜೋಡಿಸುವ ತೂತಿನ ಬೋಲ್ಟ್), ನೋಸಲ್‌ನಿಂದ ವಾಪಸ್ ಬರುವ ಸಣ್ಣ ಪೈಪು, ಈ ಜಾಗಗಳಲ್ಲಿ ಧೂಳು ಒದ್ದೆಯಾಗಿ ಅಂಟಿಕೊಂಡಿದ್ದರೆ ಅಲ್ಲೇ ಸೋರುತ್ತಿದೆ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ಎರಡು-ಮೂರು ಲೀಟರಿಗೆ ಕಡಿಮೆ ಇಲ್ಲ. ವಾಪಸ್ ಪೈಪು ಇಂಜಿನ್ ಓಡುವಾಗ ಮಾತ್ರ ಸೋರುತ್ತದೆ, ರಟ್ಟಿನ ಮೇಲೆ ಕಾಣುವುದಿಲ್ಲ. ಅದನ್ನು ಚಾಲೂ ಇದ್ದಾಗ ದೂರದಿಂದ ಕಣ್ಣಲ್ಲೇ ನೋಡಿ.

ಆಮೇಲೆ ಟೈರ್ ಜಾರುವಿಕೆ. ಎರೆ ಭೂಮಿಯಲ್ಲಿ ಡೀಸೆಲ್ ಕದಿಯುವ ದೊಡ್ಡ ಕಳ್ಳ ಇದೇ ಅಂತ ನನ್ನ ಅಭಿಪ್ರಾಯ. ಇದನ್ನು ಅಳೆಯುವುದು ಸುಲಭ, ಒಂದು ಸೀಮೆಸುಣ್ಣ ಮತ್ತು ಟೇಪ್ ಸಾಕು. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ. ಅದೇ ಹೊಲದಲ್ಲಿ ಸಲಕರಣೆ ಎತ್ತಿಕೊಂಡು, ಚಕ್ರ 10 ಸುತ್ತು ತಿರುಗಿದಾಗ ಎಷ್ಟು ದೂರ ಹೋಯಿತು ಅಂತ ಅಳೆಯಿರಿ. ಮತ್ತೆ ಸಲಕರಣೆ ನೆಲಕ್ಕೆ ಇಳಿಸಿ, ಕೆಲಸ ಮಾಡುತ್ತಾ 10 ಸುತ್ತು. ಗುರುತು ಎಣಿಸುವವರು ಪಕ್ಕದಲ್ಲಿ ಅಂತರ ಬಿಟ್ಟು ನಡೆಯಲಿ, ಚಕ್ರದ ಹತ್ತಿರ ಬೇಡ. ಖಾಲಿ ಇದ್ದಾಗ 41 ಮೀಟರ್, ಉಳುವಾಗ 33 ಮೀಟರ್ ಬಂತು ಅನ್ನಿ. 8 ಮೀಟರ್ ಹೋಯಿತು, ಅಂದರೆ ಶೇ 20ರಷ್ಟು ಜಾರುತ್ತಿದೆ. ಶೇ 10ರಿಂದ 15ರೊಳಗೆ ಇದ್ದರೆ ಸರಿ. 20ರಿಂದ 12ಕ್ಕೆ ಇಳಿಸಿದರೆ ಅದೇ ಹೊಲಕ್ಕೆ ಚಕ್ರ ತಿರುಗುವುದೇ ಶೇ 9ರಷ್ಟು ಕಡಿಮೆಯಾಗುತ್ತದೆ. ಟೈರಿನ ಸವೆತ ಉಳಿದದ್ದು ಬೇರೆ.

ಜಾರುವಿಕೆ ಜಾಸ್ತಿ ಇದ್ದರೆ ಮೊದಲು ಗಾಳಿ ನೋಡಿ. ಟ್ರೇಲರ್ ಎಳೆಯಲು ಗಟ್ಟಿ ಗಾಳಿ ಹಾಕಿಸಿರುತ್ತೇವೆ, ಕಬ್ಬು, ಗೋವಿನಜೋಳ ಸಾಗಿಸಿ ಮುಗಿದ ಮೇಲೂ ಅದೇ ಗಾಳಿಯಲ್ಲಿ ಹೊಲಕ್ಕೆ ಇಳಿಯುತ್ತೇವೆ. ಹೊಲದ ಕೆಲಸಕ್ಕೆ ಹಿಂದಿನ ಟೈರಿಗೆ ಸಾಮಾನ್ಯವಾಗಿ 12–14 ಪಿಎಸ್‌ಐ ಸಾಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದದ್ದೇ ಅಂತಿಮ. ಗಾಳಿ ಸರಿ ಇದ್ದೂ ಜಾರಿದರೆ ಹಿಂದಿನ ಟೈರಿಗೆ ನೀರು ತುಂಬಿಸುವುದು, ಕಬ್ಬಿಣದ ತೂಕ ಹಾಕುವುದು. ನೀರನ್ನು ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತುಂಬಿಸಬಾರದು. ಬಿತ್ತನೆ ಹೊತ್ತಿಗೆ ಆ ತೂಕ ತೆಗೆಯುವುದು ಒಳ್ಳೆಯದು, ಇಲ್ಲದಿದ್ದರೆ ಹಗುರ ಕೆಲಸಕ್ಕೂ ಸುಮ್ನೆ ಭಾರ ಹೊತ್ತು ತಿರುಗುತ್ತದೆ, ಎರೆ ಮಣ್ಣೂ ತುಳಿತಕ್ಕೆ ಗಟ್ಟಿಯಾಗುತ್ತದೆ. ಟೈರಿನ ಗುಬ್ಬು ಸವೆದು ನುಣ್ಣಗಾಗಿದ್ದರೆ ಇದ್ಯಾವುದೂ ಪೂರ್ತಿ ಕೆಲಸ ಮಾಡುವುದಿಲ್ಲ.

ಹದ ನೋಡದೆ ಇಳಿದರೂ ಇದೇ ಗತಿ. ಉಳುವ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಬಿಡಿ. ಒಡೆದು ಚೂರಾದರೆ ಹದ ಇದೆ. ಉಂಡೆ ಹಾಗೇ ಚಪ್ಪಟೆಯಾಗಿ ಕೂತರೆ ಇನ್ನೂ ಹಸಿ, ಒಂದೆರಡು ದಿನ ಕಾಯಿರಿ. ಉಂಡೆಯೇ ಆಗದೆ ಹೆಂಟೆ ಹೆಂಟೆಯಾಗಿ ಬಂದರೆ ತೀರಾ ಒಣಗಿದೆ, ರೋಟಾವೇಟರ್ ಹೆಂಟೆ ಒಡೆಯಲು ಡೀಸೆಲ್ ಸುರಿಯುತ್ತದೆ.

ಇನ್ನು ಸಲಕರಣೆ. ಕುಳದ ಮೊನೆ ಮೊಂಡಾಗಿದೆಯೇ? ರೋಟಾವೇಟರ್ ಬ್ಲೇಡನ್ನು ಹೊಸ ಬ್ಲೇಡಿನ ಪಕ್ಕ ಇಟ್ಟು ನೋಡಿ. ಅಗಲ ಅರ್ಧಕ್ಕೆ ಬಂದಿದ್ದರೆ ಅದು ಮಣ್ಣು ಕತ್ತರಿಸುವುದಿಲ್ಲ, ಗುದ್ದುತ್ತದೆ. ಎಡ-ಬಲ ಬ್ಲೇಡ್ ಅದಲುಬದಲು ಹಾಕಿದ್ದೂ ಕಾಣಸಿಗುತ್ತದೆ. ಆಳವನ್ನೂ ನೋಡಿ. ಒಂದು ಎಕರೆಯಲ್ಲಿ ಒಂದೇ ಒಂದು ಸೆಂಟಿಮೀಟರ್ ಆಳ ಜಾಸ್ತಿ ಹೋದರೆ 40 ಘನ ಮೀಟರ್, ಅಂದರೆ ಸುಮಾರು 50 ಟನ್ ಮಣ್ಣನ್ನು ಹೆಚ್ಚಿಗೆ ಹೊರಳಿಸಿದ ಹಾಗೆ. ಬಾಡಿಗೆಗೆ ಬಂದವರಿಗೆ "ಇನ್ನೂ ಸ್ವಲ್ಪ ಒಳಗ ಬಿಡ್ರಿ ಅಣ್ಣಾರ" ಅನ್ನುವ ಮುಂಚೆ, ಹೆಸರು ಬೆಳೆಗೆ ಆ ಆಳ ಬೇಕೇ ಅಂತ ಯೋಚಿಸಿ. ಹಾಗೇ ಎರಡನೇ ಸಲ ರೋಟಾವೇಟರ್ ಹೊಡೆದು ಎರೆ ಮಣ್ಣನ್ನು ಹುಡಿ ಮಾಡಿದರೆ ಮೊದಲ ಜೋರು ಮಳೆಗೆ ಮೇಲೆ ಹೆಪ್ಪುಗಟ್ಟುತ್ತದೆ. ದುಡ್ಡು ಕೊಟ್ಟು ಮೊಳಕೆ ಕೆಡಿಸಿಕೊಂಡ ಹಾಗೆ, ಅಲ್ವಾ? ಯಾವ ಬೆಳೆಗೆ ಎಷ್ಟು ಆಳ ಅನ್ನುವ ಗೊಂದಲ ಇದ್ದರೆ ಹುಲಕೋಟಿ, ಹನುಮನಮಟ್ಟಿ, ಧಾರವಾಡದ ಸೈದಾಪುರ, ಮೂರೂ ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ, ಹೋಗಿ ಕೇಳಿ.

ಗೇರು ಮತ್ತು ರೇಸು: ಕುಂಟೆ, ಕೂರಿಗೆ, ಎಡೆ ಹೊಡೆಯುವಂಥ ಹಗುರ ಎಳೆತಕ್ಕೆ ಒಂದು ಗೇರು ಮೇಲೆ ಹಾಕಿ, ರೇಸ್ ಇಳಿಸಿ. ಅದೇ ವೇಗ ಸಿಗುತ್ತದೆ, ಡೀಸೆಲ್ ಉಳಿಯುತ್ತದೆ. ಇಳಿಸಿದ್ದು ಅತಿಯಾಯಿತೇ ಅಂತ ತಿಳಿಯುವುದು ಹೇಗೆ? ನಡುವೆ ಒಮ್ಮೆ ರೇಸ್ ಜಾಸ್ತಿ ಮಾಡಿ. ಇಂಜಿನ್ ಸರಕ್ಕನೆ ಎದ್ದರೆ ಸರಿ. ಏಳದೆ ಗುಂಯ್‌ಗುಟ್ಟಿ ಕಪ್ಪು ಹೊಗೆ ಬಿಟ್ಟರೆ ಒಂದು ಗೇರು ಕೆಳಗೆ ಬನ್ನಿ. ರೋಟಾವೇಟರ್, ರಾಶಿ ಯಂತ್ರದಂಥ ಪಿಟಿಒ ಕೆಲಸಕ್ಕೆ ಈ ಉಪಾಯ ಹಾಗೇ ನಡೆಯುವುದಿಲ್ಲ. ಅಲ್ಲಿ ಪಿಟಿಒ ಶಾಫ್ಟಿಗೆ ನಿಮಿಷಕ್ಕೆ 540 ಸುತ್ತು ಬೇಕೇ ಬೇಕು. ಗಾಡಿಯಲ್ಲಿ ಎಕಾನಮಿ ಪಿಟಿಒ (ಕಡಿಮೆ ರೇಸಿನಲ್ಲೇ ಅಷ್ಟು ಸುತ್ತು ಕೊಡುವುದು) ಇದ್ದು ಕೆಲಸ ಹಗುರ ಇದ್ದರೆ ಅದನ್ನು ಬಳಸಿ. ಬದುವಿನ ಮೇಲೆ ಚಹಾ ಕುಡಿಯುವಾಗ ಇಂಜಿನ್ ಬಂದ್ ಮಾಡಿ. ಸುಮ್ನೆ ನಿಂತ ಇಂಜಿನ್ನೂ ಗಂಟೆಗೆ ಒಂದು ಲೀಟರ್ ಆಸುಪಾಸು ಕುಡಿಯುತ್ತದೆ.

ಕೊನೆಗೆ ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್. ಬೇಸಿಗೆಯಲ್ಲಿ ಗಾಡಿ ಬಿಸಿಯಾಗುತ್ತದೆ ಅಂತ ಇದನ್ನು ತೆಗೆಸಿ ಎಸೆಯುವ ರೂಢಿ ನಮ್ಮ ಕಡೆ ಇದೆ. ಅದಿಲ್ಲದಿದ್ದರೆ ಇಂಜಿನ್ ತನ್ನ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ತಣ್ಣಗಿರುವ ಇಂಜಿನ್ನಿನಲ್ಲಿ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಸ್ವಲ್ಪ ಭಾಗ ಇಳಿದು ಆಯಿಲಿಗೆ ಸೇರುತ್ತದೆ. ಅರ್ಧ ಗಂಟೆ ಉತ್ತ ಮೇಲೂ ಮೀಟರ್ ಮುಳ್ಳು ಹಸಿರಿಗೆ ಬರದೆ ಕೆಳಗೇ ಇದ್ದರೆ ಮೆಕ್ಯಾನಿಕ್ ಹತ್ತಿರ ಥರ್ಮೋಸ್ಟಾಟ್ ಇದೆಯೋ ಇಲ್ಲವೋ ಕೇಳಿ. ಬಿಸಿಯಾಗುವುದೇ ತೊಂದರೆ ಅಂದರೆ ರೇಡಿಯೇಟರ್ ಮುಂದಿನ ಜಾಲರಿ ನೋಡಿ. ಕಡಲೆ ರಾಶಿ, ಗೋವಿನಜೋಳದ ರಾಶಿ ಮಾಡಿದ ಮೇಲೆ ಹೊಟ್ಟು ಅಲ್ಲಿ ದಪ್ಪಗೆ ಕೂತಿರುತ್ತದೆ.

ಇವೆಲ್ಲ ಸರಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆಯೇ (ಸ್ವಲ್ಪ ನಡೆಸಿದ ಮೇಲೆ ಒಂದು ಡ್ರಮ್ ಮಾತ್ರ ಬಿಸಿ), ಕ್ಲಚ್ ಜಾರುತ್ತಿದೆಯೇ (ಲೋಡಿನಲ್ಲಿ ಇಂಜಿನ್ ಸುತ್ತು ಏರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ) ನೋಡಿ. ಇವು ಮೆಕ್ಯಾನಿಕ್ ಕೆಲಸ.

ಲಕ್ಷಣ: ಲೋಡ್ ಬಿದ್ದಾಗ ಕಪ್ಪು ಹೊಗೆ

ಹೊಗೆಯನ್ನು ಸೀಟಿನ ಮೇಲೆ ಕೂತು ನೋಡಬೇಡಿ. ಇನ್ನೊಬ್ಬರು ಬದುವಿನ ಮೇಲೆ ನಿಂತು ಒಂದು ಸಾಲು ಪೂರ್ತಿ ಸೈಲೆನ್ಸರ್ ಬಾಯಿ ನೋಡಲಿ. ರೇಸ್ ಏರಿಸಿದ ಕ್ಷಣ ಒಂದು ಕಪ್ಪು ಗುಳುಕು ಬಂದು ಮಾಯವಾದರೆ ಚಿಂತೆ ಇಲ್ಲ, ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಭಾಗ) ಇರುವ ಗಾಡಿಗಳಲ್ಲಿ ಅದು ಸಹಜ. ಸಾಲಿನ ಉದ್ದಕ್ಕೂ ಕಪ್ಪಗೆ ಬರುತ್ತಲೇ ಇದ್ದರೆ, ಒಳಗೆ ಹೋದ ಡೀಸೆಲ್ಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ, ಇಲ್ಲವೇ ಗಾಳಿಗೆ ಮೀರಿ ಡೀಸೆಲ್ ಹೋಗುತ್ತಿದೆ. ಒಂದು ಲೀಟರ್ ಡೀಸೆಲ್ ಉರಿಯಲು ಕಡಿಮೆ ಅಂದರೂ 10,000 ಲೀಟರ್ ಗಾಳಿ ಬೇಕು. ಆದ್ದರಿಂದ ತಪಾಸಣೆ ಗಾಳಿಯಿಂದಲೇ ಶುರುವಾಗಬೇಕು.

ಕಾಸಿಲ್ಲದ ಪರೀಕ್ಷೆ: ಒಂದು ಗೇರು ಇಳಿಸಿ, ಆಳ ಸ್ವಲ್ಪ ಕಡಿಮೆ ಮಾಡಿ. ಹೊಗೆ ನಿಂತರೆ ಇಂಜಿನ್ ಸರಿ ಇದೆ, ಲೋಡ್ ಅತಿಯಾಗಿತ್ತು. 35 ಎಚ್‌ಪಿ ಗಾಡಿಗೆ ಏಳು ಅಡಿ ರೋಟಾವೇಟರ್ ಕಟ್ಟಿದರೆ ಅದು ಇನ್ನೇನು ಮಾಡೀತು?

ಹೊಗೆ ನಿಲ್ಲದಿದ್ದರೆ ಏರ್ ಕ್ಲೀನರ್. ಹಳೆಯ ಗಾಡಿಗಳಲ್ಲಿ ಆಯಿಲ್ ಬಟ್ಟಲಿನದ್ದು ಇರುತ್ತದೆ. ಕ್ಲಿಪ್ ಬಿಚ್ಚಿ ಬಟ್ಟಲು ಇಳಿಸಿ, ಒಂದು ಕಡ್ಡಿ ಅದ್ದಿ ನೋಡಿ. ತಳದಲ್ಲಿ ಬೆರಳ ದಪ್ಪ ರಾಡಿ ಕೂತಿದ್ದರೆ ಚೆಲ್ಲಿ, ತೊಳೆದು, ಗುರುತಿನ ತನಕ ಮಾತ್ರ ಹೊಸ ಇಂಜಿನ್ ಆಯಿಲ್ ಹಾಕಿ. ಏಪ್ರಿಲ್-ಮೇನಲ್ಲಿ ಒಣ ಎರೆಯಲ್ಲಿ ರೋಟಾವೇಟರ್ ಓಡಿಸುವಾಗ ಇದನ್ನು ದಿನಾ ನೋಡಬೇಕು. ಡ್ರೈ ಫಿಲ್ಟರ್ ಇದ್ದರೆ ಹೊರಗಿನ ಎಲಿಮೆಂಟನ್ನು ತೆಗೆದು ಒಳಗಿನಿಂದ ಹೊರಗೆ, ಕಡಿಮೆ ಒತ್ತಡದಲ್ಲಿ ಗಾಳಿ ಹೊಡೆಯಿರಿ. ಪಂಕ್ಚರ್ ಅಂಗಡಿಯ ಪೂರ್ತಿ ಒತ್ತಡದ ಗಾಳಿ ಹೊಡೆದರೆ ಪೇಪರ್ ಹರಿಯುತ್ತದೆ. ಟೈರಿಗೆ ಬಡಿದು ಧೂಳು ಉದುರಿಸುವುದೂ ತಪ್ಪು. ಆಮೇಲೆ ಒಳಗೆ ಟಾರ್ಚ್ ಹಿಡಿದು ನೋಡಿ, ಚುಕ್ಕೆಯಷ್ಟು ಬೆಳಕು ನೇರ ಹೊರಗೆ ಬಂದರೂ ಆ ಎಲಿಮೆಂಟ್ ಬಳಸಬೇಡಿ. ಒಳಗಿನ ಸಣ್ಣ ಸೇಫ್ಟಿ ಎಲಿಮೆಂಟನ್ನು ಶುಚಿ ಮಾಡುವಂತಿಲ್ಲ, ಬದಲಿಸುವುದೇ.

ಫಿಲ್ಟರ್‌ನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು ಕೈಯಿಂದ ಬಗ್ಗಿಸಿ ಬಿರುಕು ಹುಡುಕಿ. ಅಲ್ಲಿ ಬಿರುಕಿದ್ದರೆ ಶುಚಿಯಾಗದ ಧೂಳು ನೇರ ಇಂಜಿನ್ ಒಳಗೆ. ಅಂಥ ಗಾಡಿಯನ್ನು ಆ ದಿನವೇ ನಿಲ್ಲಿಸಿ, ಹೋಸ್ ಬದಲಿಸಿ. ಎರೆ ಧೂಳು ಸಿಲಿಂಡರ್ ಲೈನರ್ ಸವೆಸಿದರೆ ಬೋರ್ ಕೆಲಸದ ಖರ್ಚು ಬರುತ್ತದೆ. ಟರ್ಬೊ ಗಾಡಿಯಲ್ಲಿ ಟರ್ಬೊದಿಂದ ಇಂಜಿನ್ನಿಗೆ ಹೋಗುವ ಹೋಸಿನ ಕ್ಲಿಪ್ ಸಡಿಲಾದರೆ ಲೋಡಿನಲ್ಲಿ ಸುಂಯ್ ಅನ್ನುವ ಸದ್ದು, ಎಳೆತ ಕಡಿಮೆ, ಕಪ್ಪು ಹೊಗೆ, ಮೂರೂ ಒಟ್ಟಿಗೆ ಬರುತ್ತವೆ.

ಗಾಳಿ ಸರಿ ಇದೆ, ಲೋಡ್ ಸರಿ ಇದೆ, ಹೊಗೆ ಮಾತ್ರ ಕಪ್ಪು. ಈಗ ನೋಸಲ್. ಸವೆದ ನೋಸಲ್ ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಿಸುವ ಬದಲು ಹನಿ ಹನಿಯಾಗಿ ಬೀಳಿಸುತ್ತದೆ. ಖಾಲಿ ಓಡುವಾಗ ಟಕ್ ಟಕ್ ಸದ್ದು ಬರಬಹುದು. ಬಿಚ್ಚಿಸಿ ಟೆಸ್ಟರ್ ಮೇಲೆ ನೋಡಿಸಿ, ನೀವೂ ಪಕ್ಕದಲ್ಲಿ ನಿಂತು ಚಿಮ್ಮುವುದನ್ನು ನೋಡಿ. ನೋಸಲ್ ಕೆಳಗಿನ ತಾಮ್ರದ ವಾಷರ್ ಹೊಸದೇ ಹಾಕಿಸಿ. ವಾಲ್ವಿನ ಟ್ಯಾಪೆಟ್ ಅಂತರ ನೋಡಿಸುವುದನ್ನೂ ಇದೇ ಸರತಿಗೆ ಮುಗಿಸಿ.

ಪಂಪ್ ಆಮೇಲೆ. ಪಂಪಿನ ಸೀಲ್ ಒಡೆದಿದೆಯೇ ನೋಡಿ. "ಪಿಕಪ್ ಬರಲಿ" ಅಂತ ಯಾರೋ ಸ್ಕ್ರೂ ತಿರುವಿ ಡೀಸೆಲ್ ಜಾಸ್ತಿ ಬಿಟ್ಟಿದ್ದರೆ ಎಳೆತ ಸ್ವಲ್ಪ ಏರಿರುತ್ತದೆ, ಡೀಸೆಲ್ ಅದಕ್ಕಿಂತ ಬಹಳ ಏರಿರುತ್ತದೆ, ಇಂಜಿನ್ ಬಿಸಿಯೂ ಏರಿರುತ್ತದೆ. ಇದನ್ನು ಹೊಲದಲ್ಲಿ ಅಂದಾಜಿನಲ್ಲಿ ವಾಪಸ್ ತಿರುವಬೇಡಿ. ಟೆಸ್ಟ್ ಬೆಂಚ್ ಇರುವ ಅಂಗಡಿಯಲ್ಲೇ ಕಂಪನಿ ಅಳತೆಗೆ ಕೂರಿಸಬೇಕು.

ಕಪ್ಪು ಹೊಗೆಯ ಬಗ್ಗೆ ಇನ್ನೊಂದು ಮಾತು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಇಡೀ ದಿನ ಸೈಲೆನ್ಸರ್ ಹಿಂದೆ ಕೂರುವುದು ನಾವೇ. ಸೈಲೆನ್ಸರ್ ಬುಡದ ಗ್ಯಾಸ್ಕೆಟ್ ಹೋಗಿ ಹೊಗೆ ಮುಖಕ್ಕೆ ಬರುತ್ತಿದ್ದರೆ ಅದನ್ನು ಬೇಗ ಸರಿ ಮಾಡಿಸಿ, ಖರ್ಚೂ ಜಾಸ್ತಿ ಇಲ್ಲ. ಉಳಿದಂತೆ ಪ್ರತಿ ಲೀಟರ್ ಡೀಸೆಲ್ ಸುಟ್ಟಾಗ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದಕ್ಕೆ ಬಣ್ಣ ಇಲ್ಲ, ಹೊಗೆ ಸ್ವಚ್ಛ ಕಂಡರೂ ಅದು ಇರುತ್ತದೆ. ಅದನ್ನು ಕಡಿಮೆ ಮಾಡಲು ಡೀಸೆಲ್ ಕಡಿಮೆ ಸುಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಲಕ್ಷಣ: ಬಿಳಿ ಹೊಗೆ

ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಚಾಲೂ ಮಾಡಿದಾಗ ಬಂದು ಕೆಲವು ನಿಮಿಷದಲ್ಲಿ ಹೋದರೆ ಬಿಟ್ಟುಬಿಡಿ. ಬಿಸಿಯಾದ ಮೇಲೂ ಬಂದರೆ ವಾಸನೆ ನೋಡಿ. ಕಣ್ಣು ಉರಿದು ಡೀಸೆಲ್ ವಾಸನೆ ಬಂದರೆ ಅದು ಸುಡದ ಡೀಸೆಲ್. ವಾಸನೆ ಇಲ್ಲದೆ ಹಬೆಯಂತೆ ಗಾಳಿಯಲ್ಲಿ ಬೇಗ ಕರಗಿದರೆ ನೀರು.

ಸುಡದ ಡೀಸೆಲ್ ಅಂದರೆ ಮೊದಲು ಫಿಲ್ಟರ್ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿಯಿರಿ. ನೀರಿದ್ದರೆ ತಳಕ್ಕೆ ಕೂರುತ್ತದೆ. ಬ್ಯಾರೆಲ್ ಡೀಸೆಲ್ ಬಳಸುವವರಲ್ಲಿ ಇದು ಜಾಸ್ತಿ. ಬ್ಯಾರೆಲ್ ತಳದ ನಾಲ್ಕು ಬೆರಳಷ್ಟು ಡೀಸೆಲ್ಲನ್ನು ಟ್ಯಾಂಕಿಗೆ ಸುರಿಯಬೇಡಿ, ಸಂಜೆಯೇ ಟ್ಯಾಂಕ್ ತುಂಬಿಸಿಡಿ, ಖಾಲಿ ಟ್ಯಾಂಕಿನಲ್ಲಿ ರಾತ್ರಿ ಬೆವರು ಕಟ್ಟುತ್ತದೆ. ನೀರಿಲ್ಲದಿದ್ದರೆ ಯಾವುದೋ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಥವಾ ಪಂಪಿನ ಟೈಮಿಂಗ್ ಹಿಂದೆ ಬಿದ್ದಿದೆ. ಪಂಪ್ ಬಿಚ್ಚಿ ಕೂರಿಸಿದ ಮೇಲೆ ಶುರುವಾಗಿದ್ದರೆ ಟೈಮಿಂಗ್ ಅಂತಲೇ ತಿಳಿಯಿರಿ.

ನೀರಿನ ಹಬೆ ಅಂದರೆ ಗಾಡಿ ನಿಲ್ಲಿಸಿ. ತಣ್ಣಗಾದ ಮೇಲೆ ರೇಡಿಯೇಟರ್ ನೀರು ಇಳಿದಿದೆಯೇ, ಡಿಪ್‌ಸ್ಟಿಕ್ ಮೇಲಿನ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದೆಯೇ ನೋಡಿ. ಬಂದಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಅದಕ್ಕಿಂತ ದೊಡ್ಡದು ಕೆಟ್ಟಿದೆ. ಇನ್ನೊಂದು ಎಕರೆ ಮುಗಿಸಿಬಿಡೋಣ ಅಂದರೆ ಬೇರಿಂಗ್ ಹೋಗುತ್ತದೆ. ಅಲ್ಲಿಂದ ಎಳೆಸಿಕೊಂಡೇ ಬನ್ನಿ.

ಲಕ್ಷಣ: ನೀಲಿ ಹೊಗೆ

ಆಯಿಲ್ ಸುಡುತ್ತಿದೆ. ಆದರೆ "ರಿಂಗ್ ಹೋಗಿದೆ" ಅಂತ ತಕ್ಷಣ ತೀರ್ಮಾನ ಬೇಡ. ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತು ದಾಟಿದ್ದರೆ ಹೆಚ್ಚಾದದ್ದನ್ನು ಇಳಿಸಿ. ಏರ್ ಕ್ಲೀನರ್ ಬಟ್ಟಲಿನಲ್ಲಿ ಆಯಿಲ್ ಜಾಸ್ತಿ ಹಾಕಿದ್ದರೂ ಇಂಜಿನ್ ಅದನ್ನು ಎಳೆದುಕೊಂಡು ಸುಡುತ್ತದೆ. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿದೆಯೇ ನೋಡಿ. ಈ ಮೂರಕ್ಕೂ ಖರ್ಚಿಲ್ಲ.

ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ನೀಲಿ ಬಂದರೆ ವಾಲ್ವ್ ಗೈಡ್ ಕಡೆ ಸಂಶಯ. ಲೋಡಿನಲ್ಲಿ ಸತತ ಬಂದು, ಬ್ರೀದರ್‌ನಿಂದಲೂ ಹೊಗೆ ಪುಸುಪುಸು ಬಂದು, ಆಯಿಲ್ ಮೇಲಿಂದ ಮೇಲೆ ಹಾಕಬೇಕಾದರೆ ರಿಂಗ್, ಲೈನರ್. ಟರ್ಬೊ ಗಾಡಿಯಲ್ಲಿ ಟರ್ಬೊ ಹೋಸ್ ಒಳಗೆ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಟರ್ಬೊ ಸೀಲ್. ಅಂಥ ಗಾಡಿಯನ್ನು ಓಡಿಸಬೇಡಿ. ಆಯಿಲ್ಲನ್ನೇ ಇಂಧನ ಮಾಡಿಕೊಂಡು ಇಂಜಿನ್ ತಾನಾಗಿ ರೇಸ್ ಏರಿ, ಸ್ಟಾಪ್ ಎಳೆದರೂ ನಿಲ್ಲದೆ ಓಡಬಹುದು. ಹಾಗಾದರೆ ಮೊದಲು ಜನರನ್ನು ದೂರ ಕಳಿಸಿ. ಗಾಳಿ ಎಳೆಯುವ ಬಾಯಿ ಸುಲಭವಾಗಿ ಸಿಗುವಂತಿದ್ದರೆ ಗಟ್ಟಿ ಹಲಗೆಯಿಂದ ಮುಚ್ಚಬಹುದು, ಕೈಯಿಂದಾಗಲಿ ಬಟ್ಟೆಯಿಂದಾಗಲಿ ಮುಚ್ಚಲು ಹೋಗಬೇಡಿ. ಟರ್ಬೊ ಉಳಿಯಬೇಕಾದರೆ ಭಾರಿ ಕೆಲಸ ಮುಗಿಸಿದ ತಕ್ಷಣ ಬಂದ್ ಮಾಡದೆ ಒಂದೆರಡು ನಿಮಿಷ ಖಾಲಿ ಓಡಿಸಿ.

ಲಕ್ಷಣ: ಹೊಗೆ ಇಲ್ಲ, ಎಳೆತವೂ ಇಲ್ಲ

ಡೀಸೆಲ್ ಸರಿಯಾಗಿ ತಲುಪುತ್ತಿಲ್ಲ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಎರೆ ಮಣ್ಣಿನಿಂದ ಮುಚ್ಚಿದೆಯೇ ಮೊದಲು ನೋಡಿ. ಮುಚ್ಚಳ ಸಡಿಲಿಸಿದಾಗ ಫುಸ್ ಅಂದು ಎಳೆತ ವಾಪಸ್ ಬಂದರೆ ಅದೇ. ಆಮೇಲೆ ಡೀಸೆಲ್ ಫಿಲ್ಟರ್ ಬದಲಿಸಿ, ಡೀಸೆಲ್ ಪೈಪಿನಲ್ಲಿ ಸೇರಿದ ಏರ್ (ಗಾಳಿ) ತೆಗೆಯಿರಿ. ಪದೇ ಪದೇ ಏರ್ ಹಿಡಿದರೆ ಟ್ಯಾಂಕಿನಿಂದ ಫೀಡ್ ಪಂಪ್ ತನಕದ ಪೈಪಿನ ಜೋಡಣೆ ಎಲ್ಲೋ ಗಾಳಿ ಎಳೆಯುತ್ತಿದೆ, ಅಲ್ಲಿ ಡೀಸೆಲ್ ಹೊರಗೆ ಸೋರದೇ ಇರಬಹುದು.

50 ಎಚ್‌ಪಿ ಮೇಲಿನ ಹೊಸ ಗಾಡಿ ಇದ್ದವರಿಗೆ

2023ರ ಜನವರಿ 1ರಿಂದ 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದಿದೆ. ಇವುಗಳಲ್ಲಿ ಸಾಮಾನ್ಯವಾಗಿ ಕಾಮನ್ ರೈಲ್ (ಎಲ್ಲ ನೋಸಲ್‌ಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಕೊಡುವ ವ್ಯವಸ್ಥೆ) ಇರುತ್ತದೆ, ಡೀಸೆಲ್ ಒತ್ತಡ ಹಳೆಯ ಪಂಪಿಗಿಂತ ಎಷ್ಟೋ ಪಟ್ಟು ಜಾಸ್ತಿ. ನೋಸಲ್ ಪೈಪಿನ ನಟ್ ಸಡಿಲಿಸಿ ಸಿಲಿಂಡರ್ ಪರೀಕ್ಷೆ ಮಾಡುವ ಹಳೆಯ ಪದ್ಧತಿಯನ್ನು ಇಲ್ಲಿ ಮಾಡಲೇಬಾರದು, ಜೀವಕ್ಕೇ ಅಪಾಯ. ಟೈರ್, ಬ್ಲೇಡ್, ಗೇರ್, ಏರ್ ಫಿಲ್ಟರ್, ನೀರು ಇಳಿಸುವುದು, ಇಷ್ಟು ನಿಮ್ಮದು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಹತ್ತಿದರೆ ಕಂಪ್ಯೂಟರ್ ಹಾಕಿ ನೋಡುವವರ ಹತ್ತಿರವೇ ಹೋಗಬೇಕು. ಸೈಲೆನ್ಸರ್‌ನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಯಾದರೆ ಅದು ತಾನಾಗಿ ಮಸಿ ಸುಟ್ಟುಕೊಳ್ಳುವಾಗ ಹೊರಬರುವ ಗಾಳಿ ಬಹಳ ಬಿಸಿ ಇರುತ್ತದೆ. ಹೊಟ್ಟು, ಕಣಕಿ ಬಣವೆ ಹತ್ತಿರ ನಿಲ್ಲಿಸಬೇಡಿ.

ಅಂಗಡಿಗೆ ಹೋಗುವಾಗ

ಆಯಿಲ್ ಒತ್ತಡದ ದೀಪ ಹತ್ತಿದರೆ, ಒಳಗೆ ಬಡಿಯುವ ಸದ್ದು ಬಂದರೆ, ಆಯಿಲಿಗೆ ನೀರು ಸೇರಿದ್ದರೆ, ಅಥವಾ ಆಯಿಲ್ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ ಗಾಡಿ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ. ಉಳಿದ ದೋಷಕ್ಕೆ ಹೋಗುವಾಗ "ಡೀಸೆಲ್ ಜಾಸ್ತಿ" ಅಂತ ಒಂದೇ ಮಾತು ಹೇಳಬೇಡಿ. ಯಾವ ಕೆಲಸಕ್ಕೆ ಎಕರೆಗೆ ಎಷ್ಟು ಲೀಟರ್, ಹೊಗೆ ಯಾವ ಬಣ್ಣ, ಖಾಲಿ ಇದ್ದಾಗಲೋ ಲೋಡಿನಲ್ಲೋ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಏರ್ ಫಿಲ್ಟರ್ ಯಾವಾಗ ಬದಲಿಸಿದ್ದು, ಇಷ್ಟು ಹೇಳಿ. ಪಂಪ್ ಬಿಚ್ಚಲೇಬೇಕು ಅಂದರೆ ಬೆಂಚ್ ಮೇಲೆ ಕೂರಿಸಿ, ಬಿಚ್ಚುವ ಮುಂಚಿನ ಅಳತೆ ತೋರಿಸಲು ಕೇಳಿ. ಮುಂಚೆ ಎಷ್ಟಿತ್ತು ಗೊತ್ತಿಲ್ಲದೆ ಆಮೇಲೆ ಎಷ್ಟಾಯಿತು ಅಂತ ಹೇಳಿದರೆ ಪ್ರಯೋಜನ ಇಲ್ಲ. ಬದಲಿಸಿದ ಹಳೆಯ ನೋಸಲ್, ಎಲಿಮೆಂಟ್ ವಾಪಸ್ ತೆಗೆದುಕೊಳ್ಳಿ. ಪಂಪಿಗೆ ಸೀಲ್ ಹಾಕಿಸಿಕೊಂಡೇ ಹೊರಡಿ, ಮೊದಲು ಅಳೆದ ಅದೇ ಹೊಲದಲ್ಲಿ ಅದೇ ಸಲಕರಣೆಯಿಂದ ಮತ್ತೆ ಎಕರೆ ಲೆಕ್ಕ ತೆಗೆಯಿರಿ. ಲೀಟರ್ ಇಳಿಯದಿದ್ದರೆ ಮತ್ತೆ ಪಂಪಿಗೆ ದುಡ್ಡು ಹಾಕಬೇಡಿ, ಸೀಮೆಸುಣ್ಣ ಹಿಡಿದು ಟೈರಿನ ಹತ್ತಿರ ಹೋಗಿ.